ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ವ್ಯಸನದ ನರವಿಜ್ಞಾನವನ್ನು ಎಲ್ಲಿಂದ ಆರಂಭಿಸಿ ಕಲಿಸಬೇಕು?

ಈ ವರ್ಷ ಮೊದಲ ಬಾರಿಗೆ ಪದವಿ ತರಗತಿಗೆ ಈ ಪಾಠ ಮಾಡಬೇಕಾಗಿದೆ, ಮಿದುಳಿನ ನರಕೋಶಗಳು ಸಂದೇಶ ಕಳಿಸಲು ಬಳಸುವ ಡೋಪಮಿನ್ ಎಂದರೆ ಸುಖದ ರಾಸಾಯನಿಕ ಎಂಬಲ್ಲಿಂದ ಶುರು ಮಾಡಿದರೆ ಸರಿಯೇ ಎಂದು ಕೇಳಿದ್ದೀರಿ. ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಮೊದಲ ಕೆಲವು ವರ್ಷ ಹಾಗೆಯೇ ಶುರು ಮಾಡುತ್ತಿದ್ದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಒಮ್ಮೆ ತರಗತಿ ಮುಗಿದ ಮೇಲೆ, ಚನ್ನಗಿರಿ ಕಡೆಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಗೆಳತಿಯರೆಲ್ಲ ಹೊರಗೆ ಹೋಗುವವರೆಗೆ ಪುಸ್ತಕ ಜೋಡಿಸಿಕೊಳ್ಳುತ್ತ ನಿಂತಿದ್ದು, “ಮೇಡಂ, ಕುಡಿದ್ರೆ ಖುಷಿ ಆಗುತ್ತೆ, ಅದಕ್ಕೇ ಬಿಡೋಕಾಗಲ್ಲ ಅಂದ್ರಿ. ನಮ್ಮಪ್ಪ ಕುಡಿದು ಖುಷಿಯಾಗಿದ್ದು ನಾನು ನೋಡೇ ಇಲ್ರೀ. ಮತ್ಯಾಕೆ ಕುಡೀತಾರೆ?” ಎಂದು ಕೇಳಿದಳು. ನಾನು ಹೇಳಿಕೊಟ್ಟ ಪಾಠದಲ್ಲಿ ಅವಳಿಗೆ ಉತ್ತರ ಇರಲಿಲ್ಲ.

ಉತ್ತರ ವಿಜ್ಞಾನದಲ್ಲಿ ಇತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಅವರು ತೋರಿಸಿದಂತೆ, ಮಿದುಳಿನ ಡೋಪಮಿನ್ ಬಹುಮಟ್ಟಿಗೆ ಇಲ್ಲವಾದ ಇಲಿಯು ಮುಂದೆ ಆಹಾರವಿದ್ದರೂ ಮುಟ್ಟದೆ ಉಪವಾಸ ಬೀಳುತ್ತದೆ. ಆದರೆ ಸಕ್ಕರೆ ನೀರನ್ನು ನಾವೇ ಬಾಯಿಗೆ ಬಿಟ್ಟರೆ ಎಂದಿನಂತೆ ತುಟಿ ಸವರಿಕೊಳ್ಳುತ್ತದೆ. ಅಂದರೆ ಸವಿ ಉಳಿದಿದೆ, ಬಯಕೆ ಹೋಗಿದೆ. ವ್ಯಸನದಲ್ಲಿ ಆಗುವುದು ಇದಕ್ಕೆ ವಿರುದ್ಧವಾದದ್ದು: ಸವಿ ಕ್ಷೀಣಿಸಿದ ಮೇಲೂ ಬಯಕೆ ಬೆಳೆಯುತ್ತಲೇ ಹೋಗುತ್ತದೆ ಎಂದು ಇವರು 1993ರಲ್ಲಿ ವಾದಿಸಿದರು. ನಾನೀಗ ಪಾಠವನ್ನು ಸವಿ, ಬಯಕೆ ಎಂಬ ಈ ಎರಡು ಪದಗಳನ್ನು ಕಪ್ಪುಹಲಗೆಯ ಮೇಲೆ ದೂರದೂರ ಬರೆದು ಆರಂಭಿಸುತ್ತೇನೆ. ಡೋಪಮಿನ್ ಕೋಶಗಳಿರುವ ನಡುಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶ, ಅಲ್ಲಿಂದ ಮುಂಮಿದುಳಿನ ಒಳಭಾಗದ ನ್ಯೂಕ್ಲಿಯಸ್ ಅಕುಂಬೆನ್ಸ್‌ಗೆ ಹೋಗುವ ನರತಂತುಗಳು, ಇವುಗಳ ಚಿತ್ರ ಆಮೇಲೆ ಬರಲಿ.

ಎರಡನೆಯ ತರಗತಿಗೆ ನರವಿಜ್ಞಾನಿ ವುಲ್ಫ್ರಂ ಷುಲ್ಟ್ಸ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗವನ್ನು ಇಟ್ಟುಕೊಳ್ಳಿ. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮಿನ್ ನರಕೋಶಗಳು ಮಿಡಿಯುತ್ತವೆ. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತ ನಂತರ ದೀಪಕ್ಕೇ ಮಿಡಿದು, ರಸ ಬಂದಾಗ ಸುಮ್ಮನಿರುತ್ತವೆ. ದೀಪ ಹೊತ್ತಿಯೂ ರಸ ಬಾರದಿದ್ದರೆ ಸರಿಯಾಗಿ ಅದು ಬರಬೇಕಿದ್ದ ಹೊತ್ತಿಗೆ ಮಿಡಿತ ಕುಸಿಯುತ್ತದೆ. ನಮ್ಮೂರಿನ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವೇ ಅಲ್ಲ. ಸಂಜೆ ಮಿರ್ಚಿ ಕರಿಯುವ ಎಣ್ಣೆಯ ವಾಸನೆ ಮೂಗಿಗೆ ಬಿದ್ದ ಕ್ಷಣವೇ ಬಾಯಲ್ಲಿ ನೀರೂರುವುದೂ, ಹತ್ತಿರ ಹೋದಾಗ “ಖಾಲಿ ಆಯ್ತು” ಎಂದರೆ ಮನಸ್ಸು ಪಿಚ್ಚೆನ್ನುವುದೂ ಎಲ್ಲರಿಗೂ ಗೊತ್ತು. ಕುಡಿತ ಬಿಟ್ಟು ತಿಂಗಳುಗಳಾದವರು ಹಳೆಯ ಅಂಗಡಿಯ ಮುಂದೆ ಹಾದುಹೋಗುವಾಗ ಏಕೆ ತತ್ತರಿಸುತ್ತಾರೆ ಎಂಬುದನ್ನು ಅಲ್ಲಿಂದ ಅವರೇ ಊಹಿಸುತ್ತಾರೆ.

ಉದಾಹರಣೆಗೆ ಕೊಕೇನ್ ಬೇಡ. ನಮ್ಮ ವಿದ್ಯಾರ್ಥಿಗಳು ಅದನ್ನು ಕಂಡವರಲ್ಲ. ತಂಬಾಕನ್ನು ತೆಗೆದುಕೊಳ್ಳಿ. ಅಂಗೈಯಲ್ಲಿ ತಂಬಾಕಿನ ಎಸಳಿಗೆ ಸುಣ್ಣ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ಪುಡಿ ಹಾರಿಸಿ ದವಡೆಗೆ ಇಟ್ಟುಕೊಳ್ಳುವ ಹಿರಿಯರನ್ನು ಅವರೆಲ್ಲ ನೋಡಿದ್ದಾರೆ. ಸುಣ್ಣ ಏಕೆ ಎಂದು ಕೇಳಿ. ಕ್ಷಾರದಲ್ಲಿ ನಿಕೋಟಿನ್ ಅಣು ವಿದ್ಯುದಂಶ ಕಳೆದುಕೊಂಡು ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟುತ್ತದೆ. ಪಿಎಚ್ ಎಂದರೇನು ಎಂದು ರಸಾಯನಶಾಸ್ತ್ರದಲ್ಲಿ ಓದಿರುವ ಮಕ್ಕಳು ಇದನ್ನು ತಾವೇ ಬಿಡಿಸಬಲ್ಲರು. ರಕ್ತದ ಮೂಲಕ ಮಿದುಳನ್ನು ಸೇರಿದ ನಿಕೋಟಿನ್, ಮಿದುಳಿನದೇ ಮತ್ತೊಂದು ಸಂದೇಶವಾಹಕ ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ಗೆಂದು ಇರುವ, ಸಂದೇಶ ಹಿಡಿಯುವ ಗ್ರಾಹಕಗಳಿಗೆ ಅಂಟಿ ಡೋಪಮಿನ್ ಕೋಶಗಳನ್ನು ಕೆರಳಿಸುತ್ತದೆ. ಗುಟ್ಕಾದಲ್ಲಿ ಇದರ ಜೊತೆಗೆ ಅಡಿಕೆಯಲ್ಲಿರುವ, ನರಗಳನ್ನು ಕೆರಳಿಸುವ ಅರೆಕೊಲಿನ್ ಎಂಬ ರಾಸಾಯನಿಕ ಕೂಡ ಇರುತ್ತದೆ. ಅಡಿಕೆ ತೋಟದ ಮನೆಗಳ ಮಕ್ಕಳು ತರಗತಿಯಲ್ಲಿರುವಾಗ ಈ ಮಾತನ್ನು ಆಪಾದನೆಯ ಧ್ವನಿಯಲ್ಲಿ ಹೇಳಬಾರದು, ಮುಚ್ಚಿಡಲೂಬಾರದು.

“ಚಟ” ಎಂಬ ಪದವನ್ನು ನಾನು ಪಾಠದಲ್ಲಿ ಬಳಸುವುದಿಲ್ಲ. ಮಾತಿನಲ್ಲಿ ಅದು ಬೈಗುಳವಾಗಿಬಿಟ್ಟಿದೆ, ಕೇಳಿದ ಮಗು ತಲೆ ತಗ್ಗಿಸುತ್ತದೆ.

ಒಂದು ವಿಷಯವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮದ್ಯವು ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ತಡೆಯನ್ನು ಹೆಚ್ಚಿಸಿ, ಅವನ್ನು ಕೆರಳಿಸುವ ಗ್ಲುಟಮೇಟ್‌ನ ಪ್ರಚೋದನೆಯನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಕುಡಿದಾಗ ಮಿದುಳು ಇದನ್ನು ಸರಿದೂಗಿಸಲು ತನ್ನ ಪ್ರಚೋದನೆಯನ್ನೇ ಏರಿಸಿಕೊಂಡಿರುತ್ತದೆ. ಅಂಥವರು ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೆ ಆ ಪ್ರಚೋದನೆಗೆ ತಡೆಯೇ ಇಲ್ಲದಂತಾಗಿ, ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಸನ್ನಿ ಬರಬಹುದು, ಪ್ರಾಣವೂ ಹೋಗಬಹುದು. ಪಾಠ ಕೇಳಿದ ಹುಡುಗರು ಅಂದು ರಾತ್ರಿಯೇ “ಅಪ್ಪಾ, ನಾಳೆಯಿಂದ ಮುಟ್ಟಬೇಡ” ಎಂದು ಆಣೆ ಹಾಕಿಸಿಕೊಳ್ಳುವುದುಂಟು. ಆದ್ದರಿಂದ, ಬಿಡಿಸುವುದಾದರೆ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಬೇಕೆಂದು ಬಿಡಿಸಿ ಹೇಳಿ, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆಯಿರಿ. ಬರೆದ ಮೇಲೆ ಎರಡು ನಿಮಿಷ ಹಲಗೆ ಒರೆಸುತ್ತಲೋ ಹಾಜರಿ ಪುಸ್ತಕ ನೋಡುತ್ತಲೋ ಇರಿ. ಯಾರು ಬರೆದುಕೊಂಡರು ಎಂದು ತಿರುಗಿ ನೋಡಬೇಡಿ.