ಇಕಿ ರಾತ್ರಿ ಎಷ್ಟು ಗಂಟೇಕ್ ರೂಮಿಗೆ ಬರ್ತಾಳ್ರಿ?

2025ರ ಮೇ ತಿಂಗಳು. ಓದಲು ವಿದೇಶಕ್ಕೆ ಹೋಗುವವರಿಗೆ ನಾನು ಸಲಹೆ ಕೊಡುತ್ತೇನೆ. ಅಪ್ಪ, ಅವ್ವ, ಮಗಳು ಮೂವರೂ ಬಾಗಲಕೋಟೆ ನವನಗರದ ನನ್ನ ಕೋಣೆಗೆ ಬಂದರು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅಪ್ಪನದು ನೇಕಾರಿಕೆ, ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ಮಗಳಿಗೆ 22 ವರ್ಷ, ಬಿ.ಕಾಂ ಮುಗಿದಿತ್ತು. ಅವಳನ್ನು ಟೋಕಿಯೊದ ಒಂದು ಜಪಾನಿ ಭಾಷಾ ಶಾಲೆಗೆ ಅಕ್ಟೋಬರ್ ಬ್ಯಾಚಿಗೆ ಸೇರಿಸುತ್ತೇನೆ ಎಂದು ಬೆಳಗಾವಿಯ ಒಬ್ಬ ಏಜೆಂಟರು ಹೇಳಿದ್ದರು. ಒಟ್ಟು 9 ಲಕ್ಷ ರೂಪಾಯಿ. 50 ಸಾವಿರ ಆಗಲೇ ಕೊಟ್ಟಾಗಿತ್ತು. ಪಾಸ್‌ಪೋರ್ಟ್ ಕೂಡ ಅವರ ಕೈಯಲ್ಲಿತ್ತು. ಉಳಿದದ್ದಕ್ಕೆ ಸೊಸೈಟಿ ಸಾಲ, ಸಾಲದಿದ್ದರೆ ಅವ್ವನ ಬೋರಮಾಳ ಒತ್ತೆ ಇಡುವುದು.

ಅಪ್ಪ ಬಣ್ಣದ ಬ್ರೋಷರ್ ಮೇಜಿನ ಮೇಲೆ ಹರಡಿದರು. "ಸಾಲಿ ಚಲೋ ಐತೇನ್ರಿ ಮೇಡಂ, ಅಷ್ಟು ನೋಡಿ ಹೇಳ್ರಿ" ಅಂದರು. ನಾನು ಓದುತ್ತಿರುವಾಗ ಅವ್ವ ಮೆಲ್ಲಗೆ ಕೇಳಿದರು, "ಇಕಿ ರಾತ್ರಿ ಎಷ್ಟು ಗಂಟೇಕ್ ರೂಮಿಗೆ ಬರ್ತಾಳ್ರಿ ಅಲ್ಲಿ?"

"ಅದನ್ನೇನ್ ಕೇಳ್ತಿ, ಸುಮ್ ಕುಂದ್ರು" ಅಂತ ಅಪ್ಪ ಗದರಿದರು. ನಾನು ಆ ಪ್ರಶ್ನೆಯನ್ನು ನನ್ನ ಹಾಳೆಯ ಮೇಲೆ ಮೊದಲನೆಯದಾಗಿ ಬರೆದುಕೊಂಡೆ.

ಮಗಳ ಜೊತೆ ಅರ್ಧ ತಾಸು ಒಬ್ಬಳನ್ನೇ ಕೂರಿಸಿ ಮಾತಾಡಿದೆ. ಜಪಾನಿ ಅವಳಿಗೆ ನಿಜವಾಗಿಯೂ ಇಷ್ಟ. ಎರಡು ತಿಂಗಳಿಂದ ಮೊಬೈಲಿನಲ್ಲೇ ಹಿರಗಾನಾ, ಕಟಕಾನಾ ಅಕ್ಷರ ಕಲಿತಿದ್ದಳು. ನೋಟ್‌ಬುಕ್ ತೋರಿಸುವಾಗ ಮುಖ ಅರಳಿತು. ಆದರೆ ಅಕ್ಟೋಬರ್‌ಗೇ ಯಾಕೆ ಇಷ್ಟು ಅವಸರ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಮದುವಿ ಮಾತು ಬಂದೈತ್ರಿ. ದೀಪಾವಳಿಗೆ ಹುಡುಗನ್ ಮನಿಯವ್ರು ಬರ್ತಾರಂತ. ಅಷ್ಟ್ರಾಗ ಹೋಗಲಿಲ್ಲಂದ್ರ ಮುಗೀತು." ಏಜೆಂಟರ ಬಗ್ಗೆ ಅವಳಿಗೂ ಅನುಮಾನ ಇತ್ತು. ಕೇಳಿದರೆ ಅಪ್ಪ ಹಿಂದೆ ಸರಿಯುತ್ತಾರೆ ಎಂಬ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ. ಇಂಥ ಪ್ರಕರಣಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಮನೆಯೊಳಗೆ ಆಡಬೇಕಾದ ಒಂದು ಮಾತು ಬಾಕಿ ಉಳಿದಿರುತ್ತದೆ, ಅದರಿಂದಾಗಿ ಹೊರಗೆ ಕೇಳಬೇಕಾದ ಪ್ರಶ್ನೆಗಳೂ ಬಾಕಿ ಉಳಿಯುತ್ತವೆ.

ಮೊದಲು ಶಾಲೆಯನ್ನು ನೋಡಿದೆವು. ಜಪಾನಿನಲ್ಲಿ ಭಾಷಾ ಶಾಲೆಗಳಿಗೆ ಹೊಸ ಕಾನೂನು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲಿನ ಶಿಕ್ಷಣ ಸಚಿವಾಲಯ ಶಾಲೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ, ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಹಳೆಯ ಶಾಲೆಗಳಿಗೆ ಬದಲಾಗಲು 2029ರ ಮಾರ್ಚ್‌ವರೆಗೆ ಸಮಯ ಇದೆ. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ ಅಂದಕೂಡಲೇ ಮೋಸ ಅಂತಲ್ಲ. ಮಾನ್ಯತೆಗೆ ಯಾವಾಗ ಅರ್ಜಿ ಹಾಕುತ್ತೀರಿ ಎಂದು ಶಾಲೆಯನ್ನೇ ಕೇಳಬೇಕು. ಜಪಾನಿನ ವಲಸೆ ಇಲಾಖೆಯೂ ಶಾಲೆಗಳ ಮೇಲೆ ಕಣ್ಣಿಟ್ಟಿರುತ್ತದೆ. ವೀಸಾ ಮುಗಿದ ಮೇಲೂ ಅಲ್ಲೇ ಉಳಿದುಬಿಡುವಂಥ ವಿದ್ಯಾರ್ಥಿಗಳು ನೂರಕ್ಕೆ 5ಕ್ಕಿಂತ ಜಾಸ್ತಿ ಇಲ್ಲದ ಶಾಲೆಗಳನ್ನು ಅದು ಸರಿಯಾದ ಶಾಲೆಗಳ ಗುಂಪಿಗೆ ಸೇರಿಸುತ್ತದೆ. ನಿಮ್ಮ ಶಾಲೆ ಆ ಗುಂಪಿನಲ್ಲಿದೆಯಾ ಎಂದು ನೇರವಾಗಿ ಕೇಳಬಹುದು. ಒಳ್ಳೆಯ ಶಾಲೆ ಅದನ್ನು ಖುಷಿಯಿಂದ ಹೇಳುತ್ತದೆ.

"ಎಲ್ಲಾ ದೇಶದಾಗೂ ಹಿಂಗ ಪಟ್ಟಿ ಇರ್ತಾವೇನ್ರಿ?" ಅಂತ ಅಪ್ಪ ಕೇಳಿದರು. ಬಹಳ ಕಡೆ ಇರುತ್ತವೆ. ಬ್ರಿಟನ್ನಿನಲ್ಲಿ ಇಂಗ್ಲಿಷ್ ಕಲಿಸುವ ಶಾಲೆಗಳಿಗೆ ಬ್ರಿಟಿಷ್ ಕೌನ್ಸಿಲ್ ಸೇರಿ ನಡೆಸುವ ಮಾನ್ಯತೆ ಇದೆ. ಫ್ರಾನ್ಸಿನಲ್ಲಿ ಫ್ರೆಂಚ್ ಕಲಿಸುವ ಕೇಂದ್ರಗಳಿಗೆ ಸರ್ಕಾರದ ಗುಣಮಟ್ಟದ ಮುದ್ರೆ ಇದೆ. ಸ್ಪೇನಿನಲ್ಲಿ ಸ್ಪ್ಯಾನಿಷ್ ಕಲಿಸುವ ಶಾಲೆಗಳಿಗೆ ಸರ್ಕಾರದ ಸೆರ್ವಾಂತೆಸ್ ಸಂಸ್ಥೆ ಮಾನ್ಯತೆ ಕೊಡುತ್ತದೆ. ಇವು ಬರೀ ಕಾಗದವಲ್ಲ. 2014 ಮತ್ತು 2015ರಲ್ಲಿ ಐರ್ಲೆಂಡಿನಲ್ಲಿ ಹತ್ತಕ್ಕೂ ಹೆಚ್ಚು ಖಾಸಗಿ ಕಾಲೇಜುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಅವುಗಳಲ್ಲಿ ಇಂಗ್ಲಿಷ್ ಶಾಲೆಗಳೇ ಜಾಸ್ತಿ. ಪೂರ್ತಿ ಫೀ ಕಟ್ಟಿದ್ದ ಸಾವಿರಾರು ವಿದ್ಯಾರ್ಥಿಗಳು ನಡುನೀರಿನಲ್ಲಿ ಉಳಿದರು. ಆಮೇಲೆ ಅಲ್ಲಿನ ಸರ್ಕಾರ ನಿಯಮ ಬಿಗಿ ಮಾಡಿತು.

ನಮ್ಮ ಬ್ರೋಷರಿನ ಶಾಲೆ ನಿಜವಾಗಿಯೂ ಇತ್ತು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಜಪಾನಿನ ನಿಯಮದ ಪ್ರಕಾರ ಇಂಥ ಶಾಲೆಗಳಲ್ಲಿ ವಾರಕ್ಕೆ ಕನಿಷ್ಠ 20 ಪಿರಿಯಡ್ ಪಾಠ ಇರಬೇಕು, ಒಂದು ತರಗತಿಯಲ್ಲಿ 20ಕ್ಕಿಂತ ಜಾಸ್ತಿ ಜನ ಇರಬಾರದು. ಅಂದರೆ ಪಾಠದ ಲೆಕ್ಕದಲ್ಲಿ ಶಾಲೆಗಳು ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಪಾಠ ಅರ್ಧ ದಿನಕ್ಕೆ ಮುಗಿಯುತ್ತದೆ. ಉಳಿದ ಅರ್ಧ ದಿನ ಮತ್ತು ರಾತ್ರಿ ಹುಡುಗಿ ಎಲ್ಲಿರುತ್ತಾಳೆ, ಏನು ಮಾಡುತ್ತಾಳೆ, ಕಷ್ಟ ಬಂದರೆ ಯಾರಿಗೆ ಹೇಳುತ್ತಾಳೆ, ವ್ಯತ್ಯಾಸ ಇರುವುದು ಅಲ್ಲಿ. ಅವ್ವ ಕೇಳಿದ್ದು ಅದನ್ನೇ.

ಹಾಗಾಗಿ ಹಣದ ಲೆಕ್ಕಕ್ಕೆ ಕೂತೆವು. ಮೊದಲ ವರ್ಷದ ಖರ್ಚು 9 ಲಕ್ಷದಲ್ಲಿ ಬಂತು, ಎರಡನೇ ವರ್ಷದ್ದನ್ನು ಹುಡುಗಿ ತಾನೇ ದುಡಿದುಕೊಳ್ಳುತ್ತಾಳೆ, ಕೆಲಸ ನಾವೇ ಕೊಡಿಸುತ್ತೇವೆ ಎಂದು ಏಜೆಂಟರು ಹೇಳಿದ್ದರು. ವಿದ್ಯಾರ್ಥಿ ವೀಸಾದವರು ಅನುಮತಿ ಪಡೆದು, ಶಾಲೆಯ ದೀರ್ಘ ರಜೆ ಬಿಟ್ಟರೆ, ವಾರಕ್ಕೆ 28 ತಾಸು ಮಾತ್ರ ಕೆಲಸ ಮಾಡಬಹುದು. ಆಗ ಟೋಕಿಯೊದ ಕನಿಷ್ಠ ಕೂಲಿ ತಾಸಿಗೆ 1,163 ಯೆನ್. ಒಂದು ವಾರವೂ ತಪ್ಪದೆ ದುಡಿದರೆ ನಾಲ್ಕು ವಾರಕ್ಕೆ ಸುಮಾರು 1 ಲಕ್ಷ 30 ಸಾವಿರ ಯೆನ್. ಹಂಚಿಕೊಂಡ ರೂಮಿನ ಬಾಡಿಗೆಗೆ 45 ಸಾವಿರ, ಊಟಕ್ಕೆ 35 ಸಾವಿರ, ರೈಲು, ಫೋನು, ಆರೋಗ್ಯ ವಿಮೆಗೆ 15 ಸಾವಿರ ಎಂದು ಹಿಡಿದೆವು. ಕೈಯಲ್ಲಿ ಉಳಿಯುವುದು 35 ಸಾವಿರ. ಶಾಲೆಯ ಫೀ ವರ್ಷಕ್ಕೆ 8 ಲಕ್ಷ ಯೆನ್, ತಿಂಗಳಿಗೆ ಹತ್ತತ್ತಿರ 67 ಸಾವಿರ. ಪ್ರತಿ ತಿಂಗಳೂ 32 ಸಾವಿರ ಯೆನ್ ಕಡಿಮೆ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ 18ರಿಂದ 19 ಸಾವಿರ ರೂಪಾಯಿ. ಅದೂ ಭಾಷೆ ಬಾರದ ಮೊದಲ ತಿಂಗಳುಗಳಲ್ಲಿ ಕೆಲಸವೇ ಸಿಗದೆ ಇರಬಹುದು.

ಈ ಕೊರತೆಯನ್ನು ಹುಡುಗ ಹುಡುಗಿಯರು ಹೇಗೆ ತುಂಬುತ್ತಾರೆ? 28 ತಾಸು ಮೀರಿ ದುಡಿಯುತ್ತಾರೆ. ಊಟದ ಡಬ್ಬಿ ತಯಾರಿಸುವ ಕಾರ್ಖಾನೆ, ಗೋದಾಮು, 24 ತಾಸಿನ ಅಂಗಡಿ, ಇಲ್ಲೆಲ್ಲ ರಾತ್ರಿ ಪಾಳಿಗೆ ಕೂಲಿ ಜಾಸ್ತಿ. ಬೆಳಿಗ್ಗೆ ತರಗತಿಯಲ್ಲಿ ನಿದ್ದೆ, ಆಮೇಲೆ ಗೈರುಹಾಜರಿ. ಹಾಜರಿ ಕಡಿಮೆಯಾದರೆ ವೀಸಾ ನವೀಕರಣಕ್ಕೆ ಕಷ್ಟ. 28 ತಾಸು ಮೀರಿದ್ದು ಗೊತ್ತಾದರೂ ವೀಸಾ ಹೋಗಬಹುದು. ಜಪಾನಿನಲ್ಲಿ ಕಳ್ಳಕಾಕರ ಭಯ ಕಡಿಮೆ, ಆ ಮಾತು ಸರಿ. ಆದರೆ ಸುರಕ್ಷತೆ ಅಂದರೆ ನಿದ್ದೆ, ಊಟ, ಜ್ವರ ಬಂದಾಗ ಒಬ್ಬರು ಜೊತೆಗಿರುವುದು ಕೂಡ ಅಲ್ವಾ? ಲೆಕ್ಕ ನೋಡುತ್ತ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನೇಕಾರರಿಗೆ ರಾತ್ರಿ ಪಾಳಿ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳಿಗೆ ಹೇಳಿದೆ, ಶಾಲೆಗೆ ನೀನೇ ಮೇಲ್ ಬರಿ, ಸರಳ ಇಂಗ್ಲಿಷ್ ಸಾಕು. ನಾಲ್ಕು ದಿನದಲ್ಲಿ ಉತ್ತರ ಬಂತು. ಫೀಯನ್ನು ನೇರವಾಗಿ ಶಾಲೆಯ ಖಾತೆಗೆ ಕಟ್ಟಬೇಕು, ಅದೂ ವೀಸಾಕ್ಕೆ ಬೇಕಾದ ಅರ್ಹತಾ ಪತ್ರವನ್ನು ಜಪಾನಿನ ವಲಸೆ ಇಲಾಖೆ ಕೊಟ್ಟ ಮೇಲೆ. ಕೆಲಸದ ಗ್ಯಾರಂಟಿ ಯಾರಿಗೂ ಇಲ್ಲ. ಅಕ್ಟೋಬರ್ ಬ್ಯಾಚಿನದು ಒಂದೂವರೆ ವರ್ಷದ ಕೋರ್ಸ್, ಎರಡು ವರ್ಷದ್ದು ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಬ್ರೋಷರಿನಲ್ಲಿ ಅಕ್ಟೋಬರ್‌ನಿಂದ ಎರಡು ವರ್ಷ ಎಂದು ಅಚ್ಚಾಗಿತ್ತು. ಆ ಏಜೆಂಟರ ಹೆಸರು ಶಾಲೆಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ ಮಾತಿನ ನಡುವೆ ಹೊರಬಂತು. ಓದಿನ ಖರ್ಚು ನೋಡಿಕೊಳ್ಳುವವರ ಬ್ಯಾಂಕ್ ದಾಖಲೆಯನ್ನು ವಲಸೆ ಇಲಾಖೆ ಕೇಳುತ್ತದೆ. ಅಪ್ಪನ ಖಾತೆಗೆ ಕೆಲವು ದಿನ 20 ಲಕ್ಷ ಹಾಕಿ ತೋರಿಸುತ್ತೇವೆ, ಅದಕ್ಕೆ ಬೇರೆ ಕಮಿಷನ್ ಎಂದು ಏಜೆಂಟರು ಹೇಳಿದ್ದರು. ಇಲ್ಲಿ ನಾನು ಸಲಹೆಗಾರಳ ಮೆದು ದನಿ ಬಿಟ್ಟು ಸ್ಪಷ್ಟವಾಗಿ ಬೇಡ ಎಂದೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಮುಂದೆ ಯಾವಾಗ ಅರ್ಜಿ ಹಾಕಿದರೂ ಅದು ಈ ಹುಡುಗಿಯ ಹೆಸರಿಗೇ ಅಂಟಿಕೊಂಡಿರುತ್ತದೆ. ಏಜೆಂಟರ ಹೆಸರಿಗಲ್ಲ.

ಆಮೇಲೆ ನಾನು ಕೊಟ್ಟ ಸಲಹೆ ಹೀಗಿತ್ತು. ಪಾಸ್‌ಪೋರ್ಟನ್ನು ಮೊದಲು ವಾಪಸ್ ತನ್ನಿ. ಅದು ಭಾರತ ಸರ್ಕಾರದ ಸ್ವತ್ತು, ಅಡವು ಇಟ್ಟುಕೊಳ್ಳುವ ಹಕ್ಕು ಯಾವ ಏಜೆಂಟರಿಗೂ ಇಲ್ಲ. ಕೊಟ್ಟ 50 ಸಾವಿರಕ್ಕೆ ರಸೀದಿ ಕೇಳಿ, ವಾಪಸ್ ಬೇಕೆಂದು ಬರಹದಲ್ಲಿ ಕೇಳಿ. ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ವಿದೇಶದಲ್ಲಿ ಕೆಲಸ ಕೊಡಿಸುತ್ತೇನೆ ಅನ್ನುವವರು ಭಾರತದ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದನ್ನು ನೋಡಬಹುದು. ಅಪ್ಪ ನೋಂದಣಿ ನಂಬರ್ ಕೇಳಿದ ದಿನ ಏಜೆಂಟರು, ನಮ್ಮದು ಬರೀ ಎಜುಕೇಷನ್ ಕನ್ಸಲ್ಟೆನ್ಸಿ, ಕೆಲಸದ ಮಾತು ಸುಮ್ನೆ ಬಾಯಿಮಾತಿಗೆ ಹೇಳಿದ್ದು ಅಂದರಂತೆ.

ಮಗಳಿಗೆ ಬೇರೆ ಹೇಳಿದೆ. ನಿನಗೆ ಬೇಕಾದದ್ದು ಭಾಷೆಯಾ, ಕೆಲಸವಾ, ಮೊದಲು ತೀರ್ಮಾನ ಮಾಡು. ಕೆಲಸವೇ ಬೇಕು ಅಂದರೆ ಇಷ್ಟು ಸಾಲ ಮಾಡಿ ಭಾಷಾ ಶಾಲೆಗೆ ಹೋಗುವುದೊಂದೇ ದಾರಿಯಲ್ಲ. ಜಪಾನ್ 2019ರಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆ ಬೇರೆ ವೀಸಾ ತಂದಿದೆ, 2021ರಲ್ಲಿ ಭಾರತದ ಜೊತೆ ಅದಕ್ಕೆ ಒಪ್ಪಂದ ಆಗಿದೆ. ಅದಕ್ಕೆ ಸಾಮಾನ್ಯವಾಗಿ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ ಮತ್ತು ಆ ಕೆಲಸದ ಪರೀಕ್ಷೆ ಬೇಕು. ಅಷ್ಟನ್ನು ಇಲ್ಲೇ ಕುಳಿತು ಕಲಿಯಬಹುದು. ಭಾಷೆಯೇ ಬೇಕು ಅಂದರೂ ಅದೇ ಪರೀಕ್ಷೆಯ ಮೊದಲ ಮೆಟ್ಟಿಲಾದ ಎನ್5 ಇಲ್ಲೇ ಮುಗಿಸು. ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ನಮಗೆ ಪುಣೆ ಕೇಂದ್ರ ಇದೆ. ಅಕ್ಷರವಷ್ಟೇ ಗೊತ್ತಿದ್ದು ಹೋದವರಿಗಿಂತ ಎನ್5 ಮುಗಿಸಿ ಹೋದವರಿಗೆ ಮೊದಲ ಕೆಲಸ ಬೇಗ ಸಿಗುತ್ತದೆ, ಆಸ್ಪತ್ರೆಯಲ್ಲಿ ಎಲ್ಲಿ ನೋವು ಅಂತ ಹೇಳಲಾದರೂ ಬರುತ್ತದೆ.

ಶಾಲೆಯನ್ನು ಆರಿಸುವಾಗ ಅಲ್ಲಿ ಈಗ ಓದುತ್ತಿರುವ ಇಬ್ಬರ ಜೊತೆ ಮಾತಾಡಿಸಿ ಎಂದು ಕೇಳಬೇಕು. ಶಾಲೆ ಚೆನ್ನಾಗಿದೆಯಾ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಹೌದು ಅನ್ನುತ್ತಾರೆ. ಹೋದ ಸಲ ಜ್ವರ ಬಂದಾಗ ಯಾರಿಗೆ ಫೋನ್ ಮಾಡಿದೆ, ನಿನ್ನ ಬ್ಯಾಚಿನಲ್ಲಿ ಎಷ್ಟು ಜನ ಮಧ್ಯದಲ್ಲೇ ಬಿಟ್ಟರು, ರೂಮಿನಿಂದ ಸ್ಟೇಷನ್‌ಗೆ ಎಷ್ಟು ನಿಮಿಷ, ಹೀಗೆ ಕೇಳಬೇಕು. ವಿದ್ಯಾರ್ಥಿಗಳ ದಿನನಿತ್ಯದ ಕಷ್ಟ ಕೇಳಲು ಒಬ್ಬ ಸಿಬ್ಬಂದಿ ಪ್ರತಿ ಶಾಲೆಯಲ್ಲೂ ಇರಬೇಕು. ಆ ವ್ಯಕ್ತಿ ಯಾರು, ಯಾವ ಭಾಷೆ ಮಾತಾಡುತ್ತಾರೆ? ವೀಸಾ ಸಿಗದಿದ್ದರೆ ಯಾವ ಹಣ ವಾಪಸ್ ಬರುತ್ತದೆ? ಇದು ಕಾಗದದ ಮೇಲೆ ಬರಬೇಕು.

ಕೊನೆಗೆ ಮೂವರನ್ನೂ ಒಟ್ಟಿಗೆ ಕೂರಿಸಿದೆ. ಮದುವೆಯ ಮಾತನ್ನು ಮಗಳೇ ಆಡಿದಳು. ದನಿ ನಡುಗುತ್ತಿತ್ತು. ಅಪ್ಪ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. "ಮೊದ್ಲ ಹೇಳಿದ್ರ ಒಂದ್ ವರ್ಷ ತಡೀತಿದ್ದೆಲ್ಲವಾ" ಅಂದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಾಸ್‌ಪೋರ್ಟ್ ಒಂದು ವಾರದಲ್ಲಿ ಬಂತು. ಹಣದಲ್ಲಿ 30 ಸಾವಿರ ಬಂದಿದೆ, ಉಳಿದದ್ದಕ್ಕೆ ಪತ್ರ ವ್ಯವಹಾರ ನಡೆದಿದೆ. ಅಕ್ಟೋಬರ್ ಬ್ಯಾಚ್ ಹೋಯಿತು. ಬೋರಮಾಳ ಮನೆಯಲ್ಲೇ ಇದೆ. ಮಗಳು ಡಿಸೆಂಬರ್‌ನಲ್ಲಿ ಪುಣೆಗೆ ಹೋಗಿ ಎನ್5 ಬರೆದಳು. ಅಪ್ಪನೇ ಜೊತೆಗೆ ಹೋಗಿದ್ದರು. ಈಗ ಮೂರು ಶಾಲೆಗಳಿಗೆ ತಾನೇ ಮೇಲ್ ಬರೆದಿದ್ದಾಳೆ, ಕಳಿಸುವ ಮುಂಚೆ ನನಗೂ ತೋರಿಸಿದಳು. ಮೊದಲ ಸಾಲಿನಲ್ಲೇ ಅವ್ವನ ಪ್ರಶ್ನೆ ಇತ್ತು.