ಕೇಳಿಸಿಕೊಂಡದ್ದನ್ನು ಗೆಳತಿಗೆ ಹೇಳಲೇ?

ಪ್ರಶ್ನೆ: ಲೈಂಗಿಕವಾಗಿ ಹರಡುವ ಸೋಂಕುಗಳು ಜನರ ನಡುವೆ ಯಾವ ದಾರಿಗಳಲ್ಲಿ ಸಾಗುತ್ತವೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಚಿಕಿತ್ಸಾಲಯಕ್ಕೆ ಬಂದವರಲ್ಲಿ ಒಪ್ಪಿದವರೊಂದಿಗೆ ಮಾತನಾಡಿ, ಹೆಸರುಗಳನ್ನು ಬಿಟ್ಟು ಅವರ ಸಂಗಾತಿಗಳ ವಿವರ ಬರೆದುಕೊಂಡು, ಆ ಸಂಬಂಧಗಳ ಜಾಲವನ್ನು ಕಟ್ಟುತ್ತೇನೆ. ಇತ್ತೀಚೆಗೆ ಕ್ಲಮೈಡಿಯಾ ಸೋಂಕು ಪತ್ತೆಯಾಗಿದ್ದ ಮಹಿಳೆಯೊಬ್ಬರು ತಮ್ಮ ಸಂಗಾತಿಯೊಬ್ಬರನ್ನು ವರ್ಣಿಸಿದರು. ಉದ್ಯೋಗ, ಕೆಲಸದ ನಿಮಿತ್ತ ಆಗಾಗ ಮಾಡುವ ಪ್ರವಾಸ, ಮುಂಗೈ ಮೇಲಿನ ಗಾಯದ ಕಲೆ, ಎಲ್ಲವೂ ನನ್ನ ಬಾಲ್ಯದ ಗೆಳತಿ ಮದುವೆಯಾಗಲಿರುವ ವ್ಯಕ್ತಿಗೆ ಹೊಂದುತ್ತವೆ. ಸಂದರ್ಶನವನ್ನು ಹೇಗೋ ಮುಗಿಸಿದೆ. ಅಂದಿನಿಂದ ನಿದ್ದೆಯಿಲ್ಲ. ಗುಟ್ಟು ಕಾಯುತ್ತೇನೆಂದು ಆ ಮಹಿಳೆಗೆ ಬರೆದುಕೊಟ್ಟಿದ್ದೇನೆ. ಆದರೆ ಗೆಳತಿಯನ್ನು ಒಬ್ಬ ಮೋಸಗಾರನ ಜೊತೆ ಬಿಟ್ಟು ಸುಮ್ಮನಿರುವುದು ಹೇಗೆ? ಎಲ್ಲ ಗೊತ್ತಿದ್ದೂ ಸಂಶೋಧಕರು ಬಾಯಿ ಮುಚ್ಚಿಕೊಂಡಿದ್ದ ಟಸ್ಕೆಗೀ ಅಧ್ಯಯನದ ಬಗ್ಗೆ ಓದಿದ್ದೇನೆ. ನಾನೂ ಅದನ್ನೇ ಮಾಡುತ್ತಿದ್ದೇನೆಯೇ? ಒಮ್ಮೆ ಪರೀಕ್ಷೆ ಮಾಡಿಸಿಕೋ ಎಂದು ಸುಳಿವಾದರೂ ಕೊಡಬಹುದೇ? ಈಗ ಯಾರನ್ನು ನೋಡಿದರೂ ಜಾಲದ ಒಂದು ಬಿಂದುವಿನಂತೆ ಕಾಣುತ್ತಾರೆ. ಸಂಶೋಧನೆಯನ್ನೇ ಬಿಟ್ಟುಬಿಡೋಣ ಎನಿಸುತ್ತಿದೆ.

ಉತ್ತರ: ಗೆಳತಿಗೆ ಹೇಳಬೇಡಿ. ನೇರವಾಗಿಯೂ ಬೇಡ, ಸುಳಿವಿನ ರೂಪದಲ್ಲಿಯೂ ಬೇಡ. ಹಾಗೆಂದು ಕೈಕಟ್ಟಿ ಕೂರಲೂ ಬೇಡಿ. ಈ ಎರಡರ ನಡುವೆ ನೀವು ಮಾಡಬೇಕಾದ ಕೆಲಸ ಸಾಕಷ್ಟಿದೆ, ಅದರ ಮೊದಲ ಭಾಗ ನಾಳೆಯೇ ಆಗಬೇಕು. (ಯಾರ ಗುರುತೂ ಸಿಗಬಾರದೆಂದು ನಿಮ್ಮ ಪತ್ರದ ಹಲವು ವಿವರಗಳನ್ನು ಬದಲಿಸಿಯೇ ಇಲ್ಲಿ ಕೊಟ್ಟಿದ್ದೇನೆ.)

ನಿಮ್ಮ ಭಯ ಸಣ್ಣದೆಂದು ನಾನು ಹೇಳುವುದಿಲ್ಲ. ಕ್ಲಮೈಡಿಯಾ ಬಹುಪಾಲು ಜನರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಉಳಿಯುತ್ತದೆ. ಚಿಕಿತ್ಸೆಯಿಲ್ಲದೆ ಉಳಿದರೆ ಹೆಣ್ಣಿನಲ್ಲಿ ಅದು ಗರ್ಭಕೋಶಕ್ಕೆ, ಅಲ್ಲಿಂದ ಗರ್ಭನಾಳಗಳಿಗೆ ಏರಿ ಬಂಜೆತನಕ್ಕೋ ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದಕ್ಕೋ ಕಾರಣವಾಗಬಹುದು. ಇದನ್ನೆಲ್ಲ ಓದಿ ತಿಳಿದವರಿಗೆ ಗೆಳತಿಯ ಮುಖ ಕಣ್ಣ ಮುಂದೆ ಬಂದಾಗ ನಿದ್ದೆ ಬಾರದಿರುವುದು ಸಹಜ. ಇದೇ ಸೋಂಕು ಏಳು ದಿನಗಳ ಡಾಕ್ಸಿಸೈಕ್ಲಿನ್ ಮಾತ್ರೆಗಳಿಂದ ವಾಸಿಯಾಗುತ್ತದೆ ಎಂಬುದೂ ನಿಮಗೆ ಗೊತ್ತು. ಭಯದ ಹೊತ್ತಿನಲ್ಲಿ ಮೊದಲನೆಯದು ಮಾತ್ರ ನೆನಪಿರುತ್ತದೆ.

ಈಗ ನಿಮಗೆ ನಿಜವಾಗಿ ಗೊತ್ತಿರುವುದು ಎಷ್ಟೆಂದು ಒಂದು ಹಾಳೆಯಲ್ಲಿ ಬರೆಯಿರಿ. ಒಬ್ಬ ಮಹಿಳೆಗೆ ಕ್ಲಮೈಡಿಯಾ ಇದೆ. ಅವರ ಸಂಗಾತಿಗಳಲ್ಲಿ ಒಬ್ಬರ ವರ್ಣನೆ ನಿಮಗೆ ಪರಿಚಯವಿರುವವರನ್ನು ಹೋಲುತ್ತದೆ. ಹಾಳೆ ಇಲ್ಲಿಗೇ ಮುಗಿಯುತ್ತದೆ. ಚಿಕಿತ್ಸೆ ಸಿಗದ ಕ್ಲಮೈಡಿಯಾ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೀರಿ ದೇಹದಲ್ಲಿ ಉಳಿಯಬಲ್ಲದು. ಅದು ಯಾವಾಗ ಬಂತು, ಯಾರಿಂದ ಬಂತು ಎಂದು ಪರೀಕ್ಷೆಯ ವರದಿ ಹೇಳುವುದಿಲ್ಲ. ಆ ವ್ಯಕ್ತಿಗಿಂತ ಮೊದಲೇ ಅವರಿಗೆ ಸೋಂಕು ಇದ್ದಿರಬಹುದು, ಅಥವಾ ಆ ಸಂಬಂಧ ಮುಗಿದ ಮೇಲೆ ಬೇರೆಯವರಿಂದ ಬಂದಿರಬಹುದು. ಆ ವ್ಯಕ್ತಿ ನಿಮ್ಮ ಗೆಳತಿಯ ಭಾವಿ ಪತಿಯೇ ಆಗಿದ್ದರೂ ಪರೀಕ್ಷೆ, ಚಿಕಿತ್ಸೆ ಎರಡೂ ಆಗಿ ಮುಗಿದಿರಬಹುದು. ಜಾಲದಲ್ಲಿ ಇಬ್ಬರ ನಡುವೆ ನೀವು ಎಳೆಯುವ ಗೆರೆ ಅವರಿಬ್ಬರೂ ಜೊತೆಗಿದ್ದರು ಎಂಬುದನ್ನು ಮಾತ್ರ ತಿಳಿಸುತ್ತದೆ. ಸೋಂಕು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬುದನ್ನು ಆ ಗೆರೆಯಿಂದ ಓದಲಾಗದು. ನಿಮ್ಮ ಪ್ರಬಂಧದಲ್ಲಿ ಇಷ್ಟು ದುರ್ಬಲ ಆಧಾರದ ಮೇಲೆ ಒಂದು ತೀರ್ಮಾನ ಬರೆದರೆ ಪರೀಕ್ಷಕರು ಒಪ್ಪುತ್ತಾರೆಯೇ? ಗೆಳತಿಯ ಬದುಕಿನ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರ ಸಾಕಾಗದು.

‘ಮೋಸಗಾರ’ ಎಂದು ಬರೆದಿದ್ದೀರಿ. ಆ ಪದದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೇರ್‌ಮನ್, ಮೂಡಿ ಮತ್ತು ಸ್ಟೋವೆಲ್ ಎಂಬ ಮೂವರು ಸಮಾಜಶಾಸ್ತ್ರಜ್ಞರು ಅಮೆರಿಕದ ಒಂದು ಪ್ರೌಢಶಾಲೆಯ ಬಗ್ಗೆ 2004ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಮೇಜಿನ ಮೇಲೆಯೇ ಇರಬೇಕು. ಹದಿನೆಂಟು ತಿಂಗಳ ಅವಧಿಯಲ್ಲಿ ಪ್ರೇಮ ಅಥವಾ ಲೈಂಗಿಕ ಸಂಬಂಧದಲ್ಲಿದ್ದ ವಿದ್ಯಾರ್ಥಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ, ಒಟ್ಟು 288 ಮಂದಿ, ಒಂದೇ ಸರಪಳಿಯಲ್ಲಿ ಸೇರಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಒಬ್ಬರೋ ಇಬ್ಬರೋ ಸಂಗಾತಿಗಳು. ತಾವು ಇಷ್ಟು ದೊಡ್ಡ ಸರಪಳಿಯ ಕೊಂಡಿ ಎಂಬುದು ಅವರಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ಜಾಲದಲ್ಲಿ ಒಬ್ಬರು ಕಾಣಿಸಿಕೊಂಡ ಮಾತ್ರಕ್ಕೆ ಅವರ ನಡತೆಯ ಬಗ್ಗೆ ತೀರ್ಪು ಕೊಡಲಾಗುವುದಿಲ್ಲ. ಆ ಸಂಬಂಧ ನಿಮ್ಮ ಗೆಳತಿಯ ಪರಿಚಯಕ್ಕೆ ಮುಂಚಿನದೋ ನಂತರದ್ದೋ, ಅವರಿಬ್ಬರ ನಡುವೆ ಯಾವ ಮಾತು ಆಗಿದೆಯೋ, ನಿಮಗೆ ತಿಳಿಯದು. ನಿಮ್ಮ ಮನಸ್ಸಿನಲ್ಲಿ ಎರಡು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗೆಳತಿಗೆ ಸೋಂಕು ತಗಲೀತು ಎಂಬ ಆತಂಕ ಒಂದು, ಅವಳಿಗೆ ದ್ರೋಹವಾಗಿದೆ ಎಂಬ ಸಿಟ್ಟು ಇನ್ನೊಂದು. ಆತಂಕಕ್ಕೆ ಆರೋಗ್ಯ ವ್ಯವಸ್ಥೆಯಲ್ಲಿ ದಾರಿಯಿದೆ. ಸಿಟ್ಟನ್ನು ತೀರಿಸಿಕೊಳ್ಳಲು ಸಂದರ್ಶನದ ಕೋಣೆಯಲ್ಲಿ ಸಿಕ್ಕ ಮಾತನ್ನು ಬಳಸುವ ಹಕ್ಕು ನಿಮಗಿಲ್ಲ. ಗಟ್ಟಿಯಾಗಿ ಹೇಳುತ್ತಿದ್ದೇನೆ, ಏಕೆಂದರೆ ಇಲ್ಲಿ ಜಾರಿದರೆ ಹಿಂದಕ್ಕೆ ಬರುವ ದಾರಿಯಿಲ್ಲ.

ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಟಸ್ಕೆಗೀ ಪ್ರಶ್ನೆ ಎಂದು ಪತ್ರ ಓದಿದಾಗ ಅನಿಸಿತು. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲಬಾಮಾದಲ್ಲಿ ಆರಂಭಿಸಿದ ಆ ಅಧ್ಯಯನದಲ್ಲಿ ಸುಮಾರು 600 ಮಂದಿ ಕಪ್ಪು ಪುರುಷರಿದ್ದರು, ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ‘ಕೆಟ್ಟ ರಕ್ತ’ಕ್ಕೆ ಚಿಕಿತ್ಸೆ ನಡೆಯುತ್ತಿದೆ ಎಂದು ಅವರನ್ನು ನಂಬಿಸಲಾಗಿತ್ತು. 1940ರ ದಶಕದ ಕೊನೆಯ ಹೊತ್ತಿಗೆ ಪೆನಿಸಿಲಿನ್ ಸಿಫಿಲಿಸ್‌ಗೆ ಮಾನ್ಯ ಚಿಕಿತ್ಸೆಯಾದ ಮೇಲೂ ಅದನ್ನು ಕೊಡಲಿಲ್ಲ. ರೋಗ ದೇಹವನ್ನು ಹೇಗೆ ತಿನ್ನುತ್ತದೆ ಎಂದು ನೋಡುವ ಸಲುವಾಗಿ ನಲವತ್ತು ವರ್ಷ ನೋಡುತ್ತಲೇ ಇದ್ದರು. ಹೆಂಡತಿಯರಿಗೆ ಸೋಂಕು ತಗಲಿತು, ಮಕ್ಕಳು ಹುಟ್ಟುವಾಗಲೇ ರೋಗ ಹೊತ್ತು ಬಂದರು. ಅಲ್ಲಿ ನಡೆದದ್ದು ಗುಟ್ಟು ಕಾಯುವ ಕೆಲಸವಾಗಿರಲಿಲ್ಲ. ಅಧ್ಯಯನದಲ್ಲಿ ಭಾಗವಹಿಸಿದವರಿಂದಲೇ ಅವರ ರೋಗವನ್ನು ಮುಚ್ಚಿಡಲಾಯಿತು, ಔಷಧವನ್ನು ತಡೆಹಿಡಿಯಲಾಯಿತು. ನಿಮ್ಮ ಎದುರು ಕುಳಿತ ಮಹಿಳೆಗೆ ತನ್ನ ರೋಗದ ಹೆಸರು ಗೊತ್ತು, ಆಕೆ ಚಿಕಿತ್ಸಾಲಯದಲ್ಲಿದ್ದಾರೆ, ಏನು ನಡೆಯುತ್ತಿದೆ ಎಂದು ತಿಳಿದೇ ಒಪ್ಪಿಗೆ ಕೊಟ್ಟಿದ್ದಾರೆ.

ಆ ಅನ್ಯಾಯವನ್ನು ಹೊರಗೆ ತಂದ ಪೀಟರ್ ಬಕ್ಸ್‌ಟನ್ ಅವರ ನಡೆಯನ್ನೂ ಗಮನಿಸಿ. ಅವರು ಅದೇ ಸೇವೆಯ ನೌಕರರಾಗಿದ್ದವರು. ಮೊದಲು ಒಳಗಿನ ಬಾಗಿಲುಗಳನ್ನು ತಟ್ಟಿದರು. ಕೇಳುವವರಿಲ್ಲದಾಗ ಪತ್ರಕರ್ತರಿಗೆ ತಿಳಿಸಿದರು, 1972ರಲ್ಲಿ ಅದು ಸುದ್ದಿಯಾಗಿ ಅಧ್ಯಯನ ನಿಂತಿತು. ಅವರು ಬಯಲಿಗೆಳೆದದ್ದು ಸಂಸ್ಥೆಯ ಕೃತ್ಯವನ್ನು, ರೋಗಿಗಳ ಖಾಸಗಿ ಬದುಕನ್ನಲ್ಲ. ಮನುಷ್ಯರ ಮೇಲೆ ಸಂಶೋಧನೆ ಮಾಡುವವರು ಪಾಲಿಸಬೇಕಾದ ನೈತಿಕ ತತ್ವಗಳನ್ನು ಹೇಳುವ, ಅಮೆರಿಕದ 1979ರ ಬೆಲ್ಮಾಂಟ್ ವರದಿ ಈ ಕಹಿಯ ನಂತರ ಬಂದದ್ದು. ನೀವು ಪಾಲಿಸುತ್ತಿರುವ ಸಮ್ಮತಿ ಪತ್ರ, ನೈತಿಕ ಸಮಿತಿಯ ಪರಿಶೀಲನೆ ಇವೆಲ್ಲಕ್ಕೂ ಅದು ಗಟ್ಟಿ ಅಡಿಪಾಯ ಹಾಕಿತು. ನೀವು ಮುರಿಯಲು ಯೋಚಿಸುತ್ತಿರುವ ಮಾತು ಟಸ್ಕೆಗೀಯ ಕಡೆಗಿನದಲ್ಲ, ಅದಕ್ಕೆ ವಿರುದ್ಧವಾಗಿ ನಿಂತದ್ದು.

ಆ ಮಾತಿಗೆ ನೈತಿಕ ಬೆಲೆ ಮಾತ್ರವಲ್ಲ, ವೈಜ್ಞಾನಿಕ ಬೆಲೆಯೂ ಇದೆ. ಅಮೆರಿಕದ ಹದಿಹರೆಯದ ಹುಡುಗರ ಒಂದು ಸಮೀಕ್ಷೆಯ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಕಾಗದದ ಪ್ರಶ್ನಾವಳಿ ತುಂಬಿದ ಹುಡುಗರಲ್ಲಿ ಗಂಡಸರೊಂದಿಗೆ ಲೈಂಗಿಕ ಸಂಪರ್ಕವಿತ್ತೆಂದು ಒಪ್ಪಿಕೊಂಡವರು ಶೇ 1.5. ಅವೇ ಪ್ರಶ್ನೆಗಳನ್ನು ಹೆಡ್‌ಫೋನ್‌ನಲ್ಲಿ ಕೇಳಿ ಕಂಪ್ಯೂಟರಿಗೆ ಉತ್ತರಿಸಿದವರಲ್ಲಿ ಅದು ಶೇ 5.5. ಹುಡುಗರು ಬೇರೆ ಬಗೆಯವರಾಗಿರಲಿಲ್ಲ, ಗೋಪ್ಯತೆಯ ಭರವಸೆ ಹೆಚ್ಚಿತ್ತು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್ ಮತ್ತು ಟ್ರೈಕೊಮೋನಿಯಾಸಿಸ್ ಸೇರಿ 37.4 ಕೋಟಿ ಹೊಸ ಸೋಂಕುಗಳಾದವು. ನಾಲ್ಕೂ ವಾಸಿಯಾಗುವಂಥವು. ಔಷಧವಿದ್ದೂ ಇಷ್ಟೊಂದು ಹರಡಲು ಲಕ್ಷಣಗಳಿಲ್ಲದಿರುವುದು ಒಂದು ಕಾರಣ, ಹೇಳಿಕೊಳ್ಳಲು ಹೆದರುವುದು ಇನ್ನೊಂದು. ಚಿಕಿತ್ಸಾಲಯದಲ್ಲಿ ಆಡಿದ ಮಾತು ಗೆಳತಿಯರ ಮೂಲಕ ಹೊರಬಿತ್ತು ಎಂಬ ಸುದ್ದಿ ಒಮ್ಮೆ ಹರಡಿದರೆ ಮುಂದೆ ಬರಬೇಕಾದವರು ಬರುವುದಿಲ್ಲ, ಬಂದವರು ನಿಜ ಹೇಳುವುದಿಲ್ಲ. ಆಗ ಕಾಯಿಲೆಗೆ ಒಳಗಾಗುವವರಲ್ಲಿ ಬೇರೆ ಯಾರದೋ ಬಾಲ್ಯದ ಗೆಳತಿಯೂ ಇರುತ್ತಾಳೆ.

ಇನ್ನು ಮಾಡಬೇಕಾದದ್ದು. ನಾಳೆ ನಿಮ್ಮ ಮಾರ್ಗದರ್ಶಕರನ್ನು ಒಬ್ಬರೇ ಭೇಟಿಯಾಗಿ ಇಷ್ಟು ಹೇಳಿ: “ಒಂದು ಸಂದರ್ಶನದಲ್ಲಿ ವರ್ಣಿತರಾದವರು ನನಗೆ ಪರಿಚಿತರಿರಬಹುದು ಎಂಬ ಅನುಮಾನ ಬಂದಿದೆ. ಆ ದತ್ತಾಂಶವನ್ನು ನಾನು ಮುಂದುವರಿಸುವುದು ಸರಿಯೇ ಎಂದು ತಿಳಿಯಬೇಕು.” ಹೆಸರು ಬೇಡ, ಗೆಳತಿಯ ಪ್ರಸ್ತಾಪ ಬೇಡ, ಗಾಯದ ಕಲೆಯ ಮಾತೂ ಬೇಡ. ಅವರು ವಿಷಯವನ್ನು ನೈತಿಕ ಸಮಿತಿಗೆ ಒಯ್ಯಬೇಕು, ಒಯ್ಯದಿದ್ದರೆ ನೀವೇ ಬರೆಯಿರಿ. ಸಮ್ಮತಿ ಪತ್ರದಲ್ಲಿ ಗೋಪ್ಯತೆಗೆ ಯಾವ ವಿನಾಯಿತಿಗಳಿವೆ, ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಎಂದು ನೋಡಬೇಕಾದವರು ಅವರು. ಯಾರದಾದರೂ ಪ್ರಾಣಕ್ಕೆ ಸನ್ನಿಹಿತ ಅಪಾಯವಿದೆ ಎಂಬಂಥ ಮಾತು ಸಂದರ್ಶನದಲ್ಲಿ ಬಂದಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. ಆಗಲೂ ಹೋಗಬೇಕಾದ ಮೊದಲ ಬಾಗಿಲು ಇದೇ.

ಎರಡನೆಯ ಕೆಲಸ ಆ ಮಹಿಳೆಯ ಬಗ್ಗೆ. ನಿಮ್ಮ ಪತ್ರದಲ್ಲಿ ಆಕೆ ಒಂದು ವಾಕ್ಯದಲ್ಲಿ ಬಂದು ಮರೆಯಾಗಿಬಿಡುತ್ತಾರೆ. ನಿಮ್ಮ ಮೊದಲ ಕರ್ತವ್ಯ ಇರುವುದು ಅವರ ಕಡೆಗೆ. ಅವರಿಗೆ ಚಿಕಿತ್ಸೆ ಪೂರ್ತಿಯಾಯಿತೇ? ಮಾತ್ರೆ ಮುಗಿಯುವವರೆಗೆ ಲೈಂಗಿಕ ಸಂಪರ್ಕ ಬೇಡವೆಂದೂ, ಮೂರು ತಿಂಗಳ ನಂತರ ಮರುಪರೀಕ್ಷೆ ಬೇಕೆಂದೂ ಯಾರಾದರೂ ತಿಳಿಸಿದರೇ? ಸಂಗಾತಿಗಳಿಗೆ ಸುದ್ದಿ ಮುಟ್ಟಿಸುವ ಬಗ್ಗೆ ಕೇಳಿದರೇ? ಸೋಂಕಿತರು ತಾವೇ ಹೇಳಬಹುದು. ಅನೇಕ ಕಡೆ, ಅವರು ಒಪ್ಪಿದರೆ, ಅವರ ಹೆಸರು ಎತ್ತದೆ ಆರೋಗ್ಯ ಕಾರ್ಯಕರ್ತರೇ ಸಂಗಾತಿಗಳನ್ನು ಸಂಪರ್ಕಿಸುವ ವ್ಯವಸ್ಥೆಯೂ ಇದೆ. ನಿಮ್ಮ ಗೆಳತಿಯ ಆರೋಗ್ಯಕ್ಕೆ ನ್ಯಾಯವಾಗಿ ತಲುಪುವ ದಾರಿ ಇದು: ಆ ಮಹಿಳೆಯಿಂದ ಆಕೆಯ ಸಂಗಾತಿಗಳಿಗೆ, ಅಗತ್ಯವಿದ್ದರೆ ಅವರಿಂದ ಮುಂದಕ್ಕೆ. ಇದನ್ನು ನೀವು ಆ ಒಬ್ಬರಿಗಾಗಿ ಮಾತ್ರ ಮಾಡಿಸಬಾರದು. ನಿಮ್ಮ ಅಧ್ಯಯನದಲ್ಲಿ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ಈ ಸಲಹೆ ಸಿಗುತ್ತಿದೆಯೇ ಎಂದು ಚಿಕಿತ್ಸಾಲಯದವರನ್ನು ಕೇಳಿ, ಸಿಗದಿದ್ದರೆ ಸಿಗುವಂತೆ ಮಾಡಿ. ಗೆಳತಿಗಾಗಿ ನೀವು ಪಡುತ್ತಿರುವ ತಳಮಳವೆಲ್ಲ ಇಲ್ಲಿ ಕೆಲಸಕ್ಕೆ ಬರಲಿ.

ಸುಳಿವಿನ ಮಾತು. “ಮದುವೆಗೆ ಮುಂಚೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ” ಎಂಬುದು ಯಾರಿಗಾದರೂ ಕೊಡಬಹುದಾದ ಒಳ್ಳೆಯ ಸಲಹೆ. ಈ ಸಂದರ್ಶನಕ್ಕೆ ಮುಂಚೆ ನೀವದನ್ನು ಅವಳಿಗೆ ಹೇಳಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಇಂದು ಹೇಳಿದರೆ ನಿಮ್ಮ ದನಿಯಲ್ಲೇ ಎಲ್ಲವೂ ಇರುತ್ತದೆ. ಬಾಲ್ಯದ ಗೆಳತಿಗೆ ನಿಮ್ಮ ಮುಖ ಓದಲು ಬರುತ್ತದೆ, ಯಾಕೆ ಈಗ ಎಂದು ಕೇಳುತ್ತಾಳೆ. ಆಮೇಲೆ ನಿಮಗೆ ಉಳಿಯುವುದು ಸುಳ್ಳು ಅಥವಾ ವಚನಭಂಗ. ಆದ್ದರಿಂದ ನೀವಾಗಿ ಮಾತು ತೆಗೆಯಬೇಡಿ. ಅವಳೇ ಕೇಳಿದರೆ, ನಿಮ್ಮ ವಿಷಯ ಇದೇ ಆದ್ದರಿಂದ ಕೇಳಲೂಬಹುದು, ಇನ್ನಾರಿಗಾದರೂ ಹೇಳುವಷ್ಟನ್ನೇ ಹೇಳಿ: ಮೂತ್ರದ ಅಥವಾ ಸ್ವ್ಯಾಬ್ ಮಾದರಿಯಿಂದ ಪರೀಕ್ಷೆ ಸುಲಭ, ಲಕ್ಷಣ ಇಲ್ಲದಿದ್ದರೂ ಸೋಂಕು ಇರಬಹುದು, ಇಬ್ಬರೂ ಒಟ್ಟಿಗೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮುಂದೊಂದು ದಿನ ಅವಳಿಗೆ ಎಲ್ಲ ತಿಳಿದು, ನಿನಗೆ ಗೊತ್ತಿತ್ತೇ ಎಂದು ಕೇಳಿದರೆ? ಇದಕ್ಕೆ ನೋವಿಲ್ಲದ ಉತ್ತರ ನನ್ನ ಬಳಿ ಇಲ್ಲ. “ಕೆಲಸದಲ್ಲಿ ಕೇಳಿದ್ದನ್ನು ನಾನು ಯಾರ ಬಳಿಯೂ ಆಡುವುದಿಲ್ಲ, ನಿನ್ನ ಮಾತನ್ನು ಯಾರೇ ನಂಬಿಕೆಯಿಂದ ಕೇಳಿಸಿಕೊಂಡಿದ್ದರೂ ಅವರಿಂದ ನಾನು ಇದನ್ನೇ ಬಯಸುತ್ತಿದ್ದೆ” ಎಂದಷ್ಟೇ ಹೇಳಬಹುದು. ಅವಳು ಸಿಟ್ಟಾಗಬಹುದು. ಸ್ನೇಹಕ್ಕೆ ಪೆಟ್ಟು ಬೀಳಬಹುದು. ನೀವು ಆರಿಸಿಕೊಂಡ ಕೆಲಸ ಕೇಳುವ ಬೆಲೆಗಳಲ್ಲಿ ಇದೂ ಒಂದು.

ಸಂಶೋಧನೆ ಬಿಡಬೇಡಿ. ಎಲ್ಲರೂ ಬಿಂದುಗಳಂತೆ ಕಾಣುವುದು, ಇಂಥ ಮಾತುಗಳನ್ನು ದಿನವೂ ಒಬ್ಬರೇ ಕೇಳಿ ಒಬ್ಬರೇ ಹೊರುವವರಿಗೆ ಬರುವ ದಣಿವು. ಕೆಲವು ಕಾಲ ಸಂದರ್ಶನಗಳನ್ನು ನಿಲ್ಲಿಸಿ ಲೆಕ್ಕಾಚಾರದ ಭಾಗಕ್ಕೆ ಹೋಗಿ. ಗೋಪ್ಯತೆಯ ನಿಯಮಕ್ಕೆ ಒಳಪಟ್ಟ ಆಪ್ತ ಸಮಾಲೋಚಕರು ನಿಮ್ಮ ವಿಶ್ವವಿದ್ಯಾಲಯದಲ್ಲಿದ್ದರೆ ವಾರಕ್ಕೊಮ್ಮೆ ಭೇಟಿ ಮಾಡಿ, ಅಲ್ಲಿಯೂ ಗುರುತಿನ ವಿವರ ಹೇಳದೆ ನಿಮ್ಮ ಸಂಕಟವನ್ನಷ್ಟೇ ಹೇಳಿ. ನಿಮ್ಮ ಅಧ್ಯಯನದ ವಿನ್ಯಾಸದಲ್ಲಿಯೂ ಒಂದು ತಿದ್ದುಪಡಿ ಬೇಕು. ಹೆಸರು ತೆಗೆದರೂ ಉದ್ಯೋಗ, ಪ್ರವಾಸ, ಗಾಯದ ಕಲೆ ಸೇರಿದರೆ ಮನುಷ್ಯ ಗುರುತಿಗೆ ಸಿಗುತ್ತಾನೆ ಎಂಬುದನ್ನು ಈ ಘಟನೆ ತೋರಿಸಿದೆ. ನೀವು ಗುರುತಿಸಿದಿರಿ ಎಂದರೆ ನಾಳೆ ನಿಮ್ಮ ಪ್ರಬಂಧ ಓದುವ ಇನ್ನೊಬ್ಬರೂ ಗುರುತಿಸಬಹುದು. ಜಾಲ ಕಟ್ಟಲು ವಯಸ್ಸಿನ ಗುಂಪು, ಸಂಬಂಧ ಆರಂಭವಾದ ಮತ್ತು ಮುಗಿದ ತಿಂಗಳು, ಏಕಕಾಲದ ಸಂಬಂಧಗಳಿದ್ದವೇ ಎಂಬಷ್ಟು ಸಾಕಾಗುತ್ತದೆಯೇ ಎಂದು ಮಾರ್ಗದರ್ಶಕರೊಂದಿಗೆ ಚರ್ಚಿಸಿ, ಉಳಿದದ್ದನ್ನು ದಾಖಲಿಸುವುದನ್ನೇ ನಿಲ್ಲಿಸಿ. ಆ ಒಂದು ಸಂದರ್ಶನದ ವಿಶ್ಲೇಷಣೆಯನ್ನು, ಸಮಿತಿ ಒಪ್ಪಿದರೆ, ಸಹೋದ್ಯೋಗಿಯೊಬ್ಬರಿಗೆ ವಹಿಸಿ. ಧ್ವನಿಮುದ್ರಿಕೆ ನಿಮ್ಮ ಬಳಿಯೇ ಇದ್ದರೆ ನಾಳೆ ಮಾರ್ಗದರ್ಶಕರನ್ನು ಕಾಣುವವರೆಗೆ ಅದನ್ನು ಮತ್ತೆ ಕೇಳಬೇಡಿ.