2003ರ ಇರಾಕ್ ಯುದ್ಧದ ಪೆಟ್ಟು ಇನ್ನೂ ಯಾಕೆ ಮಾಸಿಲ್ಲ?

ಅಮೆರಿಕದ ದಾಳಿಗೆ ಸದ್ದಾಂ ಸರ್ಕಾರ ಮೂರೇ ವಾರದಲ್ಲಿ ಬಿತ್ತು. ದೇಶದ ಬೆನ್ನು ಮುರಿದದ್ದು ಆಮೇಲೆ ಬಂದ ಎರಡು ಆದೇಶಗಳು ಎಂದೇ ನಾನು ಹೇಳುವುದು.

2003ರ ಮೇ 16ರಂದು ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್, ಸದ್ದಾಂನ ಬಾತ್ ಪಕ್ಷದ ಮೇಲಿನ ನಾಲ್ಕು ಹಂತದವರನ್ನು ಸರ್ಕಾರಿ ಕೆಲಸದಿಂದ ತೆಗೆದರು. ಬಡ್ತಿಗೋಸ್ಕರ ಪಕ್ಷ ಸೇರಿದ್ದ ಶಾಲಾ ಮೇಷ್ಟ್ರುಗಳೂ ಅದರಲ್ಲಿ ಸಿಕ್ಕಿಬಿದ್ದರು. ಮೇ 23ಕ್ಕೆ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಗಟ್ಟಲೆ ಸೈನಿಕರಿಗೆ ಒಂದೇ ದಿನದಲ್ಲಿ ಸಂಬಳವೂ ಹೋಯಿತು, ಮರ್ಯಾದೆಯೂ ಹೋಯಿತು. ಉಳಿದದ್ದು ತರಬೇತಿ ಮತ್ತು ಬಂದೂಕು. ಮದ್ದುಗುಂಡಿನ ಎಷ್ಟೋ ಗೋದಾಮುಗಳಿಗೆ ಕಾವಲೇ ಇರಲಿಲ್ಲ. ಅಲ್ಲಿಂದ ಹೊತ್ತೊಯ್ದ ಫಿರಂಗಿ ಶೆಲ್ಲುಗಳೇ ರಸ್ತೆಬದಿಯ ಬಾಂಬುಗಳಾದವು. ತಿಂಗಳಾದ ಮೇಲೆ ಮಾಜಿ ಸೈನಿಕರಿಗೆ ಭತ್ಯೆ ಘೋಷಿಸಿದರು, ಅಷ್ಟರಲ್ಲಿ ಕಾಲ ಮಿಂಚಿತ್ತು. 2014ರ ಜೂನ್‌ನಲ್ಲಿ ಮೊಸುಲ್ ನಗರವನ್ನು ಹಿಡಿದ ಐಸಿಸ್‌ನ ನಾಯಕರಲ್ಲಿ ಸದ್ದಾಂ ಕಾಲದ ಸೇನಾಧಿಕಾರಿಗಳೂ ಇದ್ದರು.

ಇನ್ನೊಂದು ಗಾಯ ಪಾಲು ಹಂಚಿಕೆಯ ರಾಜಕೀಯ, ಅಂದರೆ ಪಂಗಡ, ಜನಾಂಗ ನೋಡಿ ಹುದ್ದೆ ಹಂಚಿಕೊಳ್ಳುವುದು. ಪ್ರಧಾನಿ ಶಿಯಾ, ಅಧ್ಯಕ್ಷ ಕುರ್ದ್, ಸ್ಪೀಕರ್ ಸುನ್ನಿ. ಸಂವಿಧಾನದಲ್ಲಿಲ್ಲದಿದ್ದರೂ ಇದೇ ರೂಢಿಯಾಗಿದೆ. ಒಂದೊಂದು ಇಲಾಖೆಯೂ ಒಂದೊಂದು ಪಕ್ಷದ ಜಹಗೀರು. ಕೆಲಸ ಬೇಕಿದ್ದರೆ ಪಕ್ಷದವರ ಶಿಫಾರಸು ಬೇಕು. 2019ರ ಅಕ್ಟೋಬರ್‌ನಲ್ಲಿ ಬಾಗ್ದಾದ್‌ನ ತಹ್ರೀರ್ ಚೌಕದಲ್ಲಿ ತುಂಬಿಕೊಂಡ ಹುಡುಗ ಹುಡುಗಿಯರು ಕೇಳಿದ್ದು ಇದರಿಂದಲೇ ಬಿಡುಗಡೆ: 'ನಮಗೊಂದು ತಾಯ್ನಾಡು ಬೇಕು.'